ಮ್ಯಾಸಸಾಯ್ಟ್ ಮತ್ತು ಅವನ ಮಗನ ನೆಲದಲ್ಲಿ

ಶನಿವಾರ, ಪ್ಲಿಮತ್

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್ ರಾಕ್ ನೋಡಿದವರ ಬಾಯಲ್ಲಿ ಮೊದಲು ಬರುವ ಮಾತು ‘ಇಷ್ಟೇನಾ?’ ಅಂತ. ನಾವೂ ಅದನ್ನೇ ಅಂದೆವು. ಸಮುದ್ರದ ದಂಡೆಯಲ್ಲಿ ದೊಡ್ಡ ಕಂಬಗಳ ಕಲ್ಲುಮಂಟಪ. ಒಳಗೆ ಬಗ್ಗಿ ನೋಡಿದರೆ ಕೆಳಗೆ ಮರಳಿನ ಮೇಲೆ ಒಂದು ಬಂಡೆ ಬಿದ್ದಿದೆ. ನಡುವೆ ಸಿಮೆಂಟ್ ಮೆತ್ತಿದ ಬಿರುಕು. ಮೈಮೇಲೆ 1620 ಅಂತ ಕೆತ್ತನೆ. ಮೇಫ್ಲವರ್ ಹಡಗಿನಲ್ಲಿ ಬಂದ ಇಂಗ್ಲಿಷರು ಮೊದಲು ಕಾಲಿಟ್ಟದ್ದು ಈ ಕಲ್ಲಿನ ಮೇಲೆ ಎನ್ನುವ ಕಥೆ ಹುಟ್ಟಿದ್ದೇ ಅವರು ಬಂದು ನೂರು ವರ್ಷ ಕಳೆದ ಮೇಲೆ. ಬಂದವರು ಬರೆದಿಟ್ಟ ಕಾಗದಗಳಲ್ಲಿ ಈ ಕಲ್ಲಿನ ಸುದ್ದಿಯೇ ಇಲ್ಲ.

ನಾನು ಬಂದದ್ದು ಕಲ್ಲಿಗಾಗಿ ಅಲ್ಲ. ರಸ್ತೆ ದಾಟಿ ಮೆಟ್ಟಿಲು ಹತ್ತಿದರೆ ಕೋಲ್ಸ್ ಹಿಲ್ ಅಂತ ಒಂದು ಸಣ್ಣ ಗುಡ್ಡ. ಅಲ್ಲಿ ಮ್ಯಾಸಸಾಯ್ಟ್ ನಿಂತಿದ್ದಾನೆ. 1921ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆ. ಕಡಲಿನ ಕಡೆ ಮುಖ ಮಾಡಿದ್ದಾನೆ. ವಾಂಪನೋಗ್ ಜನರ ಹಿರಿಯ ನಾಯಕ ಇವನು. ಇಲ್ಲಿನವರು ನಾಯಕನಿಗೆ ಸೇಚಮ್ ಅನ್ನುತ್ತಾರೆ. ಇವನನ್ನೂ ಇವನ ಎರಡನೇ ಮಗ ಮೆಟಕಾಮ್‌ನನ್ನೂ ಹಿಂಬಾಲಿಸಿಕೊಂಡು, ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಸುತ್ತುವುದು ನನ್ನ ಪ್ಲಾನ್. ಅಕ್ಕನ ಮಗ ಬಾಸ್ಟನ್ ಹತ್ತಿರ ಕೆಲಸದಲ್ಲಿದ್ದಾನೆ. ರಜೆ ಹಾಕಿ ಡ್ರೈವ್ ಮಾಡಲು ಒಪ್ಪಿಕೊಂಡ. ‘ಎಲ್ಲರೂ ನಯಾಗರ ನೋಡ್ತಾರೆ, ನೀವು ಜೌಗು ನೋಡ್ತೀನಿ ಅಂತೀರಲ್ಲ’ ಅಂತ ಗೊಣಗಿದ್ದೂ ಹೌದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಾಂಪನೋಗರಂಥವರನ್ನು ಅಲ್ಗಾಂಕ್ವಿಯನ್ ಅನ್ನುತ್ತಾರೆ. ಅದು ಒಂದು ಬುಡಕಟ್ಟಲ್ಲ, ಒಂದು ಭಾಷಾ ಕುಟುಂಬ. ಅಟ್ಲಾಂಟಿಕ್ ಕರಾವಳಿಯಿಂದ ಹಿಡಿದು ಒಳನಾಡಿನ ಹುಲ್ಲುಗಾವಲಿನವರೆಗೆ ಹರಡಿದೆ. ವರ್ಜೀನಿಯಾದ ಪೊವಟನ್ ಜನ, ಕೆನಡಾದ ಕ್ರೀ, ಪಶ್ಚಿಮದ ಶಯೆನ್ ಎಲ್ಲ ಇದರಲ್ಲೇ ಬರುತ್ತಾರೆ. ನಾವು ನೋಡಹೊರಟ ಮೂಲೆಯಲ್ಲಿ ವಾಂಪನೋಗ್, ನ್ಯಾರಗ್ಯಾನ್ಸೆಟ್, ಪೀಕ್ವಾಟ್, ಮೊಹೀಗನ್, ನಿಪ್‌ಮಕ್ ಅಂತ ಹಲವರು. ಮಾತು ಒಂದರ ಹತ್ತಿರ ಒಂದು, ಆದರೆ ರಾಜಕೀಯ ಬೇರೆ ಬೇರೆ. ಅವರವರಲ್ಲೇ ಜಗಳಗಳಿದ್ದವು. ಇಂಗ್ಲಿಷರಿಗೆ ಇದು ಎಷ್ಟು ಅನುಕೂಲವಾಯಿತು ಅನ್ನುವುದು ಬುಧವಾರದ ಹೊತ್ತಿಗೆ ಚೆನ್ನಾಗಿ ಗೊತ್ತಾಯಿತು.

ಮಧ್ಯಾಹ್ನ ಪ್ಲಿಮತ್ ಪಟುಕ್ಸೆಟ್ ಮ್ಯೂಸಿಯಮ್‌ಗೆ ಹೋದೆವು. ಊರ ಹೊರಗಿನ ಬಯಲು ಮ್ಯೂಸಿಯಮ್ ಇದು. 2020ರವರೆಗೆ ಇದರ ಹೆಸರಿನಲ್ಲಿ ಪಟುಕ್ಸೆಟ್ ಇರಲಿಲ್ಲ. ಆದರೆ ಊರಿನ ಮೂಲ ಹೆಸರೇ ಅದು. ಒಂದು ಬದಿಗೆ ಇಂಗ್ಲಿಷರ ಹಳ್ಳಿ. ಅಲ್ಲಿ ವೇಷ ಹಾಕಿದವರು ಹದಿನೇಳನೇ ಶತಮಾನದವರ ಥರವೇ ಮಾತಾಡುತ್ತಾರೆ. ಫೋನ್ ತೋರಿಸಿದರೆ ಏನದು ಅಂತ ಕೇಳುತ್ತಾರೆ. ಇನ್ನೊಂದು ಬದಿಗೆ ನದಿಯ ಪಕ್ಕ ಪಟುಕ್ಸೆಟ್ ಮನೆಗಳು. ಇಲ್ಲಿ ಯಾರೂ ನಾಟಕ ಆಡುವುದಿಲ್ಲ. ಇಂದಿನವರಾಗಿಯೇ, ಇಂದಿನ ಮಾತಿನಲ್ಲೇ ವಿವರಿಸುತ್ತಾರೆ. ನನಗೆ ಹಿಡಿಸಿದ್ದು ಇದೇ.

ಅಲ್ಲಿ ಒಬ್ಬರು ದೋಣಿ ಮಾಡುತ್ತಿದ್ದರು. ಮಿಶೂನ್ ಅನ್ನುತ್ತಾರೆ. ಉದ್ದನೆಯ ಮರದ ದಿಮ್ಮಿ. ಅದರ ಬೆನ್ನ ಮೇಲೆ ಸಣ್ಣಗೆ ಬೆಂಕಿ ಹಚ್ಚಿ ಬಿಟ್ಟಿದ್ದಾರೆ. ಕೆಂಡ ಒಳಗೊಳಗೇ ಮರವನ್ನು ತಿನ್ನುತ್ತದೆ. ಬೆಂಕಿ ಅಂಚಿಗೆ ಹೋಗದಂತೆ ನೀರು ಚಿಮುಕಿಸಬೇಕು. ಆಮೇಲೆ ಕರಿಕಾದ ಭಾಗವನ್ನು ಚಿಪ್ಪಿನಿಂದ ಕೆರೆಯಬೇಕು. ಮತ್ತೆ ಕೆಂಡ, ಮತ್ತೆ ಕೆರೆತ. ಒಂದು ದೋಣಿಗೆ ದಿನಗಟ್ಟಲೆ ಹಿಡಿಯುತ್ತದಂತೆ. ಪಕ್ಕದ ಗುಡಿಸಲಿನೊಳಗೆ ಹೊಕ್ಕರೆ ಹೊಗೆಯ ವಾಸನೆ, ಚಾಪೆಯ ವಾಸನೆ. ಬಾಗಿಸಿದ ಗಳುಗಳ ಮೇಲೆ ಮರದ ತೊಗಟೆ ಹೊದೆಸಿದ್ದಾರೆ. ಹೊರಗೆ ತಣ್ಣಗಿನ ಗಾಳಿ ಇದ್ದರೂ ಒಳಗೆ ಬೆಚ್ಚಗಿತ್ತು. ಇಂಗ್ಲಿಷರ ಹಳ್ಳಿಯ ಮರದ ಮನೆಗಳಲ್ಲಿ ಸಂದುಸಂದಿನಿಂದ ಗಾಳಿ ನುಗ್ಗುತ್ತಿತ್ತು. ಮೊದಲ ಚಳಿಗಾಲದಲ್ಲಿ 102 ಪ್ರಯಾಣಿಕರಲ್ಲಿ ಅರ್ಧದಷ್ಟು ಜನ ಸತ್ತರು ಅನ್ನುವುದು ಅಲ್ಲಿ ನಿಂತಾಗ ಅರ್ಥವಾಯಿತು.

ಅವರು ಬಂದಿಳಿದಾಗ ಪಟುಕ್ಸೆಟ್ ಖಾಲಿ ಇತ್ತು. 1616ರಿಂದ 1619ರವರೆಗೆ ಈ ಕರಾವಳಿಯಲ್ಲಿ ಒಂದು ಮಹಾರೋಗ ಹಬ್ಬಿತ್ತು. ಯುರೋಪಿನ ಹಡಗುಗಳ ಜೊತೆ ಬಂದ ರೋಗ. ಊರೂರೇ ಸತ್ತಿತ್ತು. ಹೂಳಲು ಜನ ಇಲ್ಲದೆ ಎಲುಬುಗಳು ಬಯಲಲ್ಲೇ ಬಿದ್ದಿದ್ದವು. ಹದಮಾಡಿದ ಹೊಲ, ಒಳ್ಳೆಯ ನೀರು, ಮನುಷ್ಯರಿಲ್ಲ. ಬಂದವರು ಇದನ್ನು ದೇವರ ಕೃಪೆ ಅಂದುಕೊಂಡರು.

ಆ ಊರಿನವನೊಬ್ಬ ಉಳಿದಿದ್ದ. ಟಿಸ್ಕ್ವಾಂಟಮ್, ಎಲ್ಲರೂ ಕರೆಯುವುದು ಸ್ಕ್ವಾಂಟೊ ಅಂತ. 1614ರಲ್ಲಿ ಥಾಮಸ್ ಹಂಟ್ ಎಂಬ ಇಂಗ್ಲಿಷ್ ಕಪ್ತಾನ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹಡಗಿಗೆ ಕರೆದು ಸೆರೆಹಿಡಿದ. ಸ್ಪೇನಿನ ಮಾಲಗದಲ್ಲಿ ಗುಲಾಮರಾಗಿ ಮಾರಿದ. ಟಿಸ್ಕ್ವಾಂಟಮ್ ಹೇಗೋ ಲಂಡನ್ ಸೇರಿ, ಇಂಗ್ಲಿಷ್ ಕಲಿತು, ವಾಪಸ್ ಬಂದು ನೋಡಿದರೆ ಊರೇ ಇಲ್ಲ. ಮೆಕ್ಕೆಜೋಳ ಬಿತ್ತುವುದನ್ನು ಅವನು ಇಂಗ್ಲಿಷರಿಗೆ ಕಲಿಸಿದ ಅಂತ ಅಮೆರಿಕದ ಪ್ರತಿ ಮಗುವಿಗೂ ಗೊತ್ತು. ಅವನಿಗೆ ಇಂಗ್ಲಿಷ್ ಹೇಗೆ ಬಂತು ಅಂತ ಕೇಳುವ ಮಕ್ಕಳು ಕಮ್ಮಿ.

ಮ್ಯಾಸಸಾಯ್ಟ್ ಸುಮ್ಮನೆ ಕೈ ಚಾಚಲಿಲ್ಲ. ಅವನ ಜನ ರೋಗದಲ್ಲಿ ಕರಗಿದ್ದರು. ಪಶ್ಚಿಮದ ನ್ಯಾರಗ್ಯಾನ್ಸೆಟ್‌ಗಳಿಗೆ ರೋಗ ಅಷ್ಟಾಗಿ ತಟ್ಟಿರಲಿಲ್ಲ, ಅವರ ಒತ್ತಡ ಏರುತ್ತಿತ್ತು. ಬಂದೂಕು ಇರುವ ಗೆಳೆಯರು ಬೇಕಿತ್ತು. 1621ರ ಮಾರ್ಚ್ 22ರಂದು ಒಪ್ಪಂದ ಆಯಿತು. ಒಬ್ಬರ ಮೇಲೆ ಯಾರಾದರೂ ಅನ್ಯಾಯವಾಗಿ ಯುದ್ಧಕ್ಕೆ ಬಂದರೆ ಇನ್ನೊಬ್ಬರು ನೆರವಾಗಬೇಕು. ಅವನ ಕಡೆಯವರು ಇಂಗ್ಲಿಷರಿಗೆ ಪೆಟ್ಟು ಮಾಡಿದರೆ ಅಪರಾಧಿಯನ್ನು ತಂದೊಪ್ಪಿಸಬೇಕು. ಇಂಗ್ಲಿಷರು ಪೆಟ್ಟು ಮಾಡಿದರೆ? ಅವರನ್ನು ಒಪ್ಪಿಸಬೇಕು ಅಂತ ಅದರಲ್ಲಿ ಸ್ಪಷ್ಟವಾಗಿಲ್ಲ.

ಅದೇ ವರ್ಷ ಸುಗ್ಗಿಯಲ್ಲಿ ಮ್ಯಾಸಸಾಯ್ಟ್ ತೊಂಬತ್ತು ಗಂಡಸರೊಂದಿಗೆ ಬಂದ. ಅವನ ಜನ ಐದು ಜಿಂಕೆ ಬೇಟೆಯಾಡಿ ತಂದರು. ಮೂರು ದಿನ ಊಟ. ಇವತ್ತಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬೇರು ಇದೇ ಅನ್ನುತ್ತಾರೆ. ಆದರೆ ಕೋಲ್ಸ್ ಹಿಲ್ ಮೇಲೆ, ಮ್ಯಾಸಸಾಯ್ಟ್ ಹತ್ತಿರವೇ ಒಂದು ಫಲಕ ಇದೆ. 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಮಧ್ಯಾಹ್ನ ಮೂಲನಿವಾಸಿಗಳು ಇಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ. ಆ ವರ್ಷ ವಾಂಸಟ್ಟಾ ಫ್ರ್ಯಾಂಕ್ ಜೇಮ್ಸ್ ಎಂಬ ವಾಂಪನೋಗ್ ಮುಖಂಡರನ್ನು ಭಾಷಣಕ್ಕೆ ಕರೆದು, ಬರೆದುಕೊಂಡಿದ್ದನ್ನು ಮೊದಲೇ ನೋಡಿ, ಇದು ಬೇಡ ಅಂದಿದ್ದರಂತೆ. ಅವರು ಗುಡ್ಡಕ್ಕೆ ಬಂದು ತಮ್ಮವರ ನಡುವೆ ನಿಂತು ಮಾತಾಡಿದರು.

ಊರ ಪೇಟೆಯ ಕಡೆ ಇನ್ನೊಂದು ಫಲಕ. ಅದು ಮೆಟಕಾಮ್‌ನದು. ಅವನ ತಲೆಯನ್ನು ಈ ಊರಿನಲ್ಲಿ ಕಂಬಕ್ಕೆ ಸಿಕ್ಕಿಸಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಟ್ಟಿದ್ದರು ಅಂತ ಹೇಳುತ್ತದೆ. ಅಪ್ಪನ ಪ್ರತಿಮೆಯಿಂದ ಇಲ್ಲಿಗೆ ನಡೆದರೆ ಕೆಲವೇ ನಿಮಿಷ. ಒಪ್ಪಂದದಿಂದ ಕಂಬದವರೆಗೆ 55 ವರ್ಷ. ನನ್ನ ತಲೆಯಲ್ಲಿದ್ದ ಪ್ರಶ್ನೆ ಇದೇ. ಒಂದೇ ತಲೆಮಾರಿನಲ್ಲಿ ಅಂಥದ್ದೇನಾಯಿತು?

ಭಾನುವಾರ, ಕೇಪ್ ಕಾಡ್

ಕೇಪ್ ಕಾಡ್ ಎಂದರೆ ಸಮುದ್ರದೊಳಕ್ಕೆ ಬಾಗಿಸಿ ಚಾಚಿದ ತೋಳಿನಂಥ ಭೂಮಿ. ಟ್ರೂರೊ ಊರಿನಲ್ಲಿ ಕಾರ್ನ್ ಹಿಲ್ ಎಂಬ ಮರಳುಗುಡ್ಡ ಇದೆ. ಪ್ಲಿಮತ್‌ಗೆ ಹೋಗುವ ಮೊದಲೇ, 1620ರ ನವೆಂಬರ್‌ನಲ್ಲಿ, ಮೇಫ್ಲವರ್‌ನವರು ಇಲ್ಲಿ ಮಣ್ಣು ಅಗೆದು ಬುಟ್ಟಿಯಲ್ಲಿ ಹೂತಿಟ್ಟಿದ್ದ ಬಿತ್ತನೆ ಜೋಳ ತೆಗೆದುಕೊಂಡರು. ಹತ್ತಿರದ ಸಮಾಧಿಗಳನ್ನೂ ಕೆದಕಿದರು. ಜೋಳದ ಬೆಲೆ ಆಮೇಲೆ ಕೊಟ್ಟರು, ಅದೂ ನಿಜ. ಈಸ್ಟ್‌ಹ್ಯಾಮ್‌ನ ಫಸ್ಟ್ ಎನ್‌ಕೌಂಟರ್ ಬೀಚ್‌ನಲ್ಲಿ ಡಿಸೆಂಬರ್ 8ರಂದು ಬಾಣ, ಬಂದೂಕು ಎರಡೂ ಹಾರಿದವು. ಇಲ್ಲಿನ ನಾಸೆಟ್ ಜನರಲ್ಲಿ ಏಳು ಮಂದಿಯನ್ನು ಅದೇ ಹಂಟ್ ಕದ್ದು ಒಯ್ದಿದ್ದ. ಆರೇ ವರ್ಷ ಆಗಿತ್ತು. ಬಾಣ ಬಿಡದೆ ಆರತಿ ಎತ್ತುತ್ತಾರಾ? ಇವತ್ತು ಬೀಚ್ ತುಂಬ ಮಕ್ಕಳು, ಗಾಳಿಪಟ.

ಅಲ್ಲಿಂದ ಮ್ಯಾಶ್‌ಪೀ. ವಾಂಪನೋಗರ ಊರು. ರಸ್ತೆ ಬದಿಗೆ ಮರದ ಸಣ್ಣ ಪ್ರಾರ್ಥನಾ ಮಂದಿರ. 1684ರಷ್ಟು ಹಳೆಯದು. ಸುತ್ತ ಸಮಾಧಿಗಳು. ಬಾಗಿಲು ಹಾಕಿತ್ತು, ಕಿಟಕಿಯಿಂದ ಇಣುಕಿದೆವು.

ಮ್ಯಾಶ್‌ಪೀಯವರು 1970ರ ದಶಕದಲ್ಲಿ ಕಳೆದುಹೋದ ಭೂಮಿಗಾಗಿ ಕೋರ್ಟಿಗೆ ಹೋದರು. ಕೋರ್ಟು ಮೊದಲು ಕೇಳಿದ್ದು, ನೀವು ನಿಜಕ್ಕೂ ಒಂದು ಬುಡಕಟ್ಟೇ ಅಂತ. 1978ರಲ್ಲಿ ತೀರ್ಪು ಇವರ ವಿರುದ್ಧ ಬಂತು. 350 ವರ್ಷಕ್ಕೂ ಹೆಚ್ಚು ಕಾಲ ಅದೇ ಜಾಗದಲ್ಲಿ ಕೂತವರನ್ನು ನೀವು ಯಾರು ಅಂತ ಕೇಳಿದ ಹಾಗಾಯಿತು. ಫೆಡರಲ್ ಸರ್ಕಾರದ ಮಾನ್ಯತೆ ಸಿಕ್ಕಿದ್ದು 2007ರಲ್ಲಿ.

ಇಲ್ಲಿನ ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ವಾಂಪನೋಗ್ ಭಾಷೆ ಮಾತಾಡುವವರು ಇಲ್ಲವಾಗಿ ನೂರಕ್ಕೂ ಹೆಚ್ಚು ವರ್ಷ ಆಗಿತ್ತು. ಮ್ಯಾಶ್‌ಪೀಯ ಜೆಸ್ಸಿ ಲಿಟಲ್ ಡೋ ಬೇರ್ಡ್ 1990ರ ದಶಕದಲ್ಲಿ ಹಟ ಹಿಡಿದು ಎಂಐಟಿ ಸೇರಿದರು. ಭಾಷಾಶಾಸ್ತ್ರ ಓದಿ ಅದನ್ನು ಮತ್ತೆ ನಾಲಿಗೆಗೆ ತಂದರು. ಅವರಿಗೆ ನೆರವಾದದ್ದು ಹದಿನೇಳನೇ ಶತಮಾನದಲ್ಲಿ ಈ ಜನರನ್ನು ಮತಾಂತರ ಮಾಡಲು ಅಚ್ಚು ಹಾಕಿದ ಬೈಬಲ್, ಜೊತೆಗೆ ವಾಂಪನೋಗರೇ ತಮ್ಮ ಭಾಷೆಯಲ್ಲಿ ಬರೆದ ಜಮೀನು ಪತ್ರಗಳು, ಅರ್ಜಿಗಳು. ಅವರ ಮಗಳು ಹುಟ್ಟಿನಿಂದಲೇ ಈ ಭಾಷೆ ಕೇಳಿ ಬೆಳೆದಳು. ಈಗ ಮಕ್ಕಳಿಗೆ ಶಾಲೆಯೂ ಇದೆ.

ಸೋಮವಾರ, ಪ್ರಾವಿಡೆನ್ಸ್

ದಿನವಿಡೀ ಮಳೆ. ರೋಡ್ ಐಲೆಂಡ್ ರಾಜ್ಯದ ರಾಜಧಾನಿ ಸೇರಿ, ರೋಜರ್ ವಿಲಿಯಮ್ಸ್ ಸ್ಮಾರಕಕ್ಕೆ ಕೊಡೆ ಹಿಡಿದು ಹೋಗಿಬಂದೆವು. ಈ ಪಾದ್ರಿ, ರಾಜ ಕೊಟ್ಟ ಸನ್ನದಿನಿಂದ ಭೂಮಿ ಇಂಗ್ಲಿಷರದ್ದಾಗುವುದಿಲ್ಲ, ಮೂಲದವರಿಂದ ಕೊಳ್ಳಬೇಕು ಅಂದವನು. ಮ್ಯಾಸಚೂಸೆಟ್ಸ್‌ನವರು ಓಡಿಸಿದರು. 1636ರಲ್ಲಿ ನ್ಯಾರಗ್ಯಾನ್ಸೆಟ್ ಸೇಚಮರು ಜಾಗ ಕೊಟ್ಟರು, ಅವರ ಭಾಷೆಯನ್ನೂ ಕಲಿತ. 1676ರಲ್ಲಿ, ಮೆಟಕಾಮ್ ಮತ್ತು ಇಂಗ್ಲಿಷರ ನಡುವಿನ ಯುದ್ಧದಲ್ಲಿ, ಅವರೇ ಈ ಊರನ್ನು ಸುಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಸೆರೆಯಾಳುಗಳನ್ನು ಜೀತಕ್ಕೆ ಮಾರುವ ಸಮಿತಿಯಲ್ಲಿ ವಿಲಿಯಮ್ಸ್ ಕೂಡ ಇದ್ದ. ಒಳ್ಳೆಯವನು, ಕೆಟ್ಟವನು ಅಂತ ಎರಡು ಡಬ್ಬಿ ಇಟ್ಟುಕೊಂಡು ಹೋದರೆ ಇಲ್ಲಿ ಕಷ್ಟ.

ಮಂಗಳವಾರ, ಬ್ರಿಸ್ಟಲ್ ಮತ್ತು ಗ್ರೇಟ್ ಸ್ವಾಂಪ್

ಬೆಳಗಿನ ತಿಂಡಿಗೆ ಜಾನಿಕೇಕ್ ಸಿಕ್ಕಿತು. ಬಿಳಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ಕಲಸಿ ಕಾವಲಿಯಲ್ಲಿ ಸುಟ್ಟದ್ದು. ಇಲ್ಲಿ ಜೋಳ ಅಂದರೆ ನಮ್ಮ ಮೆಕ್ಕೆಜೋಳ. ಅಂಚು ಗರಿಗರಿ, ನಡುವೆ ಮೆತ್ತಗೆ. ಸಸ್ಯಾಹಾರಿಗೆ ಇಲ್ಲಿ ಸಿಗುವುದೇ ಅಪರೂಪ, ನಾನಂತೂ ಎರಡೆರಡು ಸಲ ಹಾಕಿಸಿಕೊಂಡೆ. ಇದು ನ್ಯಾರಗ್ಯಾನ್ಸೆಟರಿಂದ ಬಂದ ತಿನಿಸು.

ಬ್ರಿಸ್ಟಲ್ ಅಂದವಾದ ಊರು. ಬಂದರು, ಹಳೆಯ ಮರದ ಮನೆಗಳು. ಪಕ್ಕದಲ್ಲಿ ಮೌಂಟ್ ಹೋಪ್, ದೊಡ್ಡ ಬೆಟ್ಟವೇನಲ್ಲ, ಮರ ತುಂಬಿದ ಗುಡ್ಡ. ಮೆಟಕಾಮ್ ಇದ್ದದ್ದು ಇಲ್ಲೇ. ಈ ಜಾಗ ಬಹಳ ಕಾಲ ಬ್ರೌನ್ ವಿಶ್ವವಿದ್ಯಾಲಯದ ಕೈಯಲ್ಲಿತ್ತು. 2017ರಲ್ಲಿ, ತಾವು ಮ್ಯಾಸಸಾಯ್ಟ್‌ನ ವಂಶದವರು ಅನ್ನುವ ಪೊಕನೊಕೆಟ್ ಜನ ಟೆಂಟ್ ಹಾಕಿ ಕೂತರು. 2024ರಲ್ಲಿ 255 ಎಕರೆ ಅವರ ಟ್ರಸ್ಟಿಗೆ ಸೇರಿತು. ನಾವು ಒಳಗೆ ಹೋಗಲಿಲ್ಲ. ಸೇತುವೆಯ ಕಡೆಯಿಂದ ನೋಡಿ, ದಡದಲ್ಲಿ ಕೂತು, ತಂದಿದ್ದ ಪ್ರಿಂಟ್‌ಔಟ್ ಓದಿದೆವು.

1675ರ ಜೂನ್‌ನಲ್ಲಿ, ಯುದ್ಧ ಶುರುವಾಗಲು ಇನ್ನೇನು ಕೆಲವು ದಿನ ಇರುವಾಗ, ರೋಡ್ ಐಲೆಂಡಿನ ಉಪ ಗವರ್ನರ್ ಜಾನ್ ಈಸ್ಟನ್ ಇಲ್ಲಿಗೆ ಮಾತುಕತೆಗೆ ಬಂದಿದ್ದ. ಈಸ್ಟನ್ ಕ್ವೇಕರ್ ಪಂಥದವನು, ಜಗಳ ಬೇಡ ಅನ್ನುವ ಮನುಷ್ಯ. ಮೆಟಕಾಮ್ ಆಯುಧ ಇಲ್ಲದೆ ಬಂದ. ಜೊತೆಗೆ ನಲವತ್ತು ಜನ ಆಯುಧ ಹಿಡಿದವರು. ಅಂದು ಕೇಳಿದ್ದನ್ನು ಈಸ್ಟನ್ ಬರೆದಿಟ್ಟ. ಶತ್ರು ಕಡೆಯವನ ಕೈಯಲ್ಲಿ ಉಳಿದ ಮಾತು, ಆದರೂ ಇಷ್ಟು ನೇರವಾದ ದೂರು ಬೇರೆ ಎಲ್ಲೂ ಸಿಗುವುದಿಲ್ಲ.

ಮೆಟಕಾಮ್ ಕಡೆಯ ಮಾತು ಹೀಗಿದೆ. ಇಂಗ್ಲಿಷರು ಮೊದಲು ಬಂದಾಗ ನಮ್ಮಪ್ಪ ದೊಡ್ಡ ಮನುಷ್ಯ, ಇಂಗ್ಲಿಷರು ಚಿಕ್ಕ ಮಗುವಿನಂತೆ ಇದ್ದರು. ಬೇರೆಯವರು ತೊಂದರೆ ಕೊಡದಂತೆ ತಡೆದ, ಜೋಳ ಕೊಟ್ಟ, ಬಿತ್ತುವುದು ತೋರಿಸಿದ. ಈಗ ನಮ್ಮ ಹತ್ತಿರ ಉಳಿದಿರುವುದರ ನೂರು ಪಟ್ಟು ಭೂಮಿ ಬಿಟ್ಟುಕೊಟ್ಟ. ಇದು ಮೊದಲ ಮಾತು. ಆಮೇಲೆ ಪಟ್ಟಿ ಬರುತ್ತದೆ. ಕುಡಿಸಿ ವ್ಯಾಪಾರದಲ್ಲಿ ಮೋಸ ಮಾಡುತ್ತಾರೆ. ಹೇಳಿದ್ದಕ್ಕಿಂತ ಜಾಸ್ತಿ ಭೂಮಿ ಪತ್ರದಲ್ಲಿ ಬರೆದುಕೊಂಡಿರುತ್ತಾರೆ. ನಮ್ಮ ಇಪ್ಪತ್ತು ಜನ ಪ್ರಾಮಾಣಿಕರು ಸಾಕ್ಷಿ ಹೇಳಿದರೂ ಲೆಕ್ಕಕ್ಕಿಲ್ಲ. ಕೊನೆಗೆ ದನ. ಮೂವತ್ತು ಮೈಲಿ ಆಚೆ ಹೋದರೂ ಇಂಗ್ಲಿಷರ ದನ ಕುದುರೆಗಳಿಂದ ಜೋಳ ಉಳಿಸಿಕೊಳ್ಳಲು ಆಗುತ್ತಿಲ್ಲ.

ಈ ಕೊನೆಯ ದೂರು ಓದಿ ನಾನು ಬಹಳ ಹೊತ್ತು ಅಲ್ಲೇ ನಿಂತೆ. ನಮ್ಮೂರಲ್ಲಾದರೆ ತುಡುಗು ದನವನ್ನು ದೊಡ್ಡಿಗೆ ಹಾಕಿ, ದನದ ಒಡೆಯನಿಂದ ದಂಡ ಕಟ್ಟಿಸಿಕೊಳ್ಳುತ್ತಾರೆ. ಇಲ್ಲಿ ಹಂದಿ, ದನ ಕಾಡಿಗೆ ಬಿಟ್ಟು ಮೇಯಿಸುವುದು ಇಂಗ್ಲಿಷರ ರೂಢಿ. ಬೇಲಿ ಹಾಕಿಕೊಳ್ಳಬೇಕಾದದ್ದು ಹೊಲದವನು. ಹೊಲಕ್ಕೆ ಬೇಲಿ ಹಾಕುವ ರೂಢಿಯಿಲ್ಲದ ಜನಕ್ಕೆ ಇದು ಯಾವ ನ್ಯಾಯ? ಹಂದಿಗಳು ಜೋಳದ ಜೊತೆ, ನೀರಿಳಿದಾಗ ದಡದ ಚಿಪ್ಪುಮೀನನ್ನೂ ಅಗೆದು ತಿಂದವು. 1642ರಷ್ಟು ಹಿಂದೆಯೇ ನ್ಯಾರಗ್ಯಾನ್ಸೆಟ್ ಸೇಚಮ್ ಮಯಾಂಟನೋಮಿ ಇದನ್ನೇ ಹೇಳಿದ್ದ. ಅವರ ಕುಡುಗೋಲು ಹುಲ್ಲು ಕತ್ತರಿಸುತ್ತದೆ, ಕೊಡಲಿ ಮರ ಕಡಿಯುತ್ತದೆ, ದನ ಕುದುರೆ ಹುಲ್ಲು ಮೇಯುತ್ತವೆ, ಹಂದಿ ನಮ್ಮ ಚಿಪ್ಪಿನ ದಡ ಕೆಡಿಸುತ್ತದೆ, ನಾವೆಲ್ಲ ಹಸಿದು ಸಾಯುತ್ತೇವೆ, ಹಾಗಾಗಿ ಒಂದಾಗೋಣ ಅಂತ. ಒಂದಾಗಲಿಲ್ಲ. ಮರುವರ್ಷ ಅವನನ್ನು ಮೊಹೀಗನ್ ನಾಯಕ ಅಂಕಸ್‌ನ ತಮ್ಮ ಕೊಂದ, ಇಂಗ್ಲಿಷರ ಒಪ್ಪಿಗೆ ಪಡೆದೇ.

ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು ಅನ್ನಿಸಿತು. ಬಂದೂಕಿಗಿಂತ ಮೊದಲು ಹಂದಿ ಮತ್ತು ಕಾಗದ ಕೆಲಸ ಮುಗಿಸಿದ್ದವು. ಮ್ಯಾಸಸಾಯ್ಟ್ ತೀರಿಕೊಂಡ ಮೇಲೆ, 1660ರಲ್ಲಿ, ಮಕ್ಕಳಿಬ್ಬರೂ ಪ್ಲಿಮತ್ ಕೋರ್ಟಿನಿಂದ ಇಂಗ್ಲಿಷ್ ಹೆಸರು ಪಡೆದರು. ಹಿರಿಯ ಮಗ ವಾಂಸಟ್ಟಾ ಅಲೆಕ್ಸಾಂಡರ್ ಆದ, ಮೆಟಕಾಮ್ ಫಿಲಿಪ್ ಆದ. ಇನ್ನೂ ಸ್ನೇಹ ಇತ್ತು. 1662ರಲ್ಲಿ ಅಲೆಕ್ಸಾಂಡರ್‌ನನ್ನು ವಿಚಾರಣೆಗೆ ಬಲವಂತವಾಗಿ ಒಯ್ದರು. ಕಾಯಿಲೆ ಬಿದ್ದು ಸತ್ತ. ವಿಷ ಹಾಕಿದರು ಅಂತ ಅವನ ಜನ ನಂಬಿದರು. 1671ರಲ್ಲಿ ಫಿಲಿಪ್ ಬಂದೂಕು ಒಪ್ಪಿಸಬೇಕಾಯಿತು, ನೂರು ಪೌಂಡ್ ದಂಡ ಬೇರೆ. ಭೂಮಿ ಮಾರದೆ ಅಷ್ಟು ಎಲ್ಲಿಂದ ಬರಬೇಕು? 1675ರ ಜನವರಿಯಲ್ಲಿ ಜಾನ್ ಸಾಸಮನ್ ಎಂಬ ಕ್ರೈಸ್ತ ಇಂಡಿಯನ್ (ಇಲ್ಲಿನ ಮೂಲನಿವಾಸಿಗಳನ್ನು ಇಂಗ್ಲಿಷರು ಕರೆದದ್ದು ಹೀಗೆ), ಫಿಲಿಪ್ ಯುದ್ಧಕ್ಕೆ ತಯಾರಿ ಮಾಡುತ್ತಿದ್ದಾನೆ ಅಂತ ಪ್ಲಿಮತ್‌ಗೆ ಹೇಳಿ ಬಂದ. ಅವನ ಹೆಣ ಕೊಳದ ಮಂಜುಗಡ್ಡೆಯ ಕೆಳಗೆ ಸಿಕ್ಕಿತು. ಕೊಂದವರು ಅಂತ ಜೂನ್‌ನಲ್ಲಿ ಮೂವರು ವಾಂಪನೋಗರಿಗೆ ಗಲ್ಲು ಶಿಕ್ಷೆಯಾಯಿತು. ಅದಾಗಿ ಕೆಲವೇ ದಿನಕ್ಕೆ ಯುದ್ಧ.

ಈಸ್ಟನ್ ಜೊತೆಗಿನ ಮಾತಿನಲ್ಲಿ ರಾಜಿಯ ದಾರಿಯೂ ಬಂದಿತ್ತು. ನ್ಯೂಯಾರ್ಕ್ ಗವರ್ನರ್ ಒಬ್ಬ, ಇಂಡಿಯನ್ ಕಡೆಯ ಒಬ್ಬ ನಾಯಕ, ಇಬ್ಬರೂ ಕೂತು ತೀರ್ಮಾನ ಮಾಡಲಿ ಅಂತ. ಕೈಗೂಡುವಷ್ಟು ಸಮಯ ಸಿಗಲಿಲ್ಲ.

ಮಧ್ಯಾಹ್ನ ಗ್ರೇಟ್ ಸ್ವಾಂಪ್. ಸೌತ್ ಕಿಂಗ್‌ಸ್ಟೌನ್ ಹತ್ತಿರ ಮಣ್ಣಿನ ದಾರಿ, ಕಾರು ನಿಲ್ಲಿಸಿ ನಡೆಯಬೇಕು. ಸೊಳ್ಳೆ ಜಾಸ್ತಿ. ಕಾಡಿನ ನಡುವೆ ತೆರಪಿನಲ್ಲಿ 1906ರ ಒರಟು ಗ್ರಾನೈಟ್ ಕಂಬ. 1675ರ ಡಿಸೆಂಬರ್ 19ರಂದು ಈ ಜೌಗು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಇಲ್ಲದಿದ್ದರೆ ಸಾವಿರದಷ್ಟು ಸೈನಿಕರು ಒಳಗೆ ಬರಲು ಆಗುತ್ತಲೇ ಇರಲಿಲ್ಲ. ನ್ಯಾರಗ್ಯಾನ್ಸೆಟ್‌ಗಳು ಅಲ್ಲಿಯವರೆಗೆ ಯುದ್ಧಕ್ಕೆ ಇಳಿದಿರಲಿಲ್ಲ. ಓಡಿಬಂದ ವಾಂಪನೋಗ್ ಹೆಂಗಸರು, ಮಕ್ಕಳಿಗೆ ಆಶ್ರಯ ಕೊಟ್ಟಿದ್ದರು, ಒಪ್ಪಿಸಲು ಒಲ್ಲೆ ಅಂದಿದ್ದರು. ಗುಡಿಸಲುಗಳಿಗೆ ಬೆಂಕಿ ಬಿತ್ತು. ಚಳಿಗಾಲಕ್ಕೆ ಕೂಡಿಟ್ಟ ಜೋಳವೂ ಸುಟ್ಟಿತು. ನೂರಾರು ಜನ ಸತ್ತರು, ಹೆಚ್ಚಿನವರು ಹೋರಾಟಗಾರರಲ್ಲ. ಈ ತುಂಡು ನೆಲ 2021ರಲ್ಲಿ ನ್ಯಾರಗ್ಯಾನ್ಸೆಟ್ ಜನರಿಗೆ ವಾಪಸ್ ಬಂತು. ಕಂಬದ ಬುಡದಲ್ಲಿ ಯಾರೋ ಚಿಪ್ಪು, ತಂಬಾಕು ಇಟ್ಟು ಹೋಗಿದ್ದರು. ಅಕ್ಕನ ಮಗ ಗೊಣಗುವುದನ್ನು ಅಲ್ಲಿಗೆ ಬಿಟ್ಟ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1676ರ ಆಗಸ್ಟ್‌ನಲ್ಲಿ ವಾಂಪನೋಗರದ್ದೇ ಪಂಗಡವಾದ ಪೊಕಾಸೆಟ್ ಜನರ ನಾಯಕಿ ವೀಟಮೂ ನದಿಯಲ್ಲಿ ಮುಳುಗಿ ಸತ್ತಳು. ತಲೆಯನ್ನು ಟಾಂಟನ್‌ನಲ್ಲಿ ಕಂಬಕ್ಕೇರಿಸಿದರು. ಆಗಸ್ಟ್ 12ರಂದು ಮೌಂಟ್ ಹೋಪ್‌ನ ಬುಡದಲ್ಲೇ ಮೆಟಕಾಮ್‌ಗೆ ಗುಂಡು ಬಿತ್ತು. ಹೊಡೆದವನು ಇಂಗ್ಲಿಷರ ಜೊತೆಗಿದ್ದ ಆಲ್ಡರ್‌ಮನ್ ಎಂಬ ಇಂಡಿಯನ್. ಅವನಿಗೆ ಮೆಟಕಾಮ್‌ನ ಒಂದು ಕೈಯನ್ನು ಬಹುಮಾನವಾಗಿ ಕೊಟ್ಟರು, ಅದನ್ನು ದುಡ್ಡಿಗೆ ತೋರಿಸಿಕೊಂಡು ತಿರುಗಿದ. ತಲೆ ಪ್ಲಿಮತ್ ತಲುಪಿದ ದಿನ ಊರವರು ದೇವರಿಗೆ ಕೃತಜ್ಞತೆ ಸಲ್ಲಿಸುವ ದಿನ ಆಚರಿಸುತ್ತಿದ್ದರು. ಅದೂ ಒಂದು ಥ್ಯಾಂಕ್ಸ್‌ಗಿವಿಂಗ್ ದಿನವೇ. ಅವನ ಒಂಬತ್ತು ವರ್ಷದ ಮಗನನ್ನು ಏನು ಮಾಡಬೇಕು ಅಂತ ಪಾದ್ರಿಗಳು ಬೈಬಲ್ ತೆರೆದು ಚರ್ಚಿಸಿದರು. ಕೆಲವರು ಕೊಲ್ಲೋಣ ಅಂದರು. ಕೊನೆಗೆ ಹಡಗಿಗೆ ಹತ್ತಿಸಿ ಗುಲಾಮನಾಗಿ ಮಾರಿದರು. ಮ್ಯಾಸಸಾಯ್ಟ್‌ನ ಮೊಮ್ಮಗ.

ಬುಧವಾರ, ಮಿಸ್ಟಿಕ್ ಮತ್ತು ಮ್ಯಾಶನ್‌ಟಕೆಟ್

ಕನೆಟಿಕಟ್ ರಾಜ್ಯದ ಮಿಸ್ಟಿಕ್‌ಗೆ ಜನ ಬರುವುದು ಹಳೆಯ ಹಡಗು ನೋಡಲು, ಪಿಜ್ಜಾ ತಿನ್ನಲು. ನದಿಯ ಪಶ್ಚಿಮದ ದಿಬ್ಬ ಹತ್ತಿದರೆ ಪೀಕ್ವಾಟ್ ಅವೆನ್ಯೂ. ಹುಲ್ಲು ಕತ್ತರಿಸಿದ ಅಂಗಳಗಳು, ಬಾಸ್ಕೆಟ್‌ಬಾಲ್ ಬುಟ್ಟಿ, ಪಾರ್ಸೆಲ್ ವ್ಯಾನ್. ಇಲ್ಲೇ ಪೀಕ್ವಾಟರ ಕೋಟೆ ಇತ್ತು. ಸುತ್ತ ಗೂಟಗಳ ಬೇಲಿ, ಒಳಗೆ ಹತ್ತಾರು ಮನೆ, ಹೊರಹೋಗಲು ಎರಡೇ ಬಾಗಿಲು.

1637ರ ಮೇ 26ರ ನಸುಕಿನಲ್ಲಿ ಇಂಗ್ಲಿಷ್ ಕಪ್ತಾನ ಜಾನ್ ಮೇಸನ್ 77 ಇಂಗ್ಲಿಷರೊಂದಿಗೆ ಬಂದ. ಜೊತೆಗೆ ಅಂಕಸ್‌ನ ಮೊಹೀಗನ್‌ಗಳು, ನೂರಾರು ನ್ಯಾರಗ್ಯಾನ್ಸೆಟ್‌ಗಳು. ಹೌದು, 1675ರಲ್ಲಿ ಜೌಗಿನಲ್ಲಿ ಸುಟ್ಟುಹೋದವರ ಅಪ್ಪಂದಿರೇ. ಕೋಟೆಯೊಳಗೆ ಕೈಕೈ ಮಿಲಾಯಿಸಿದಾಗ ಮೇಸನ್ ಒಂದು ಮನೆಯಿಂದ ಕೊಳ್ಳಿ ತೆಗೆದು ಚಾಪೆಗೆ ಹಚ್ಚಿದ. ಎರಡೂ ಬಾಗಿಲಲ್ಲಿ ಇಂಗ್ಲಿಷರು ಕಾದು ನಿಂತರು. ಒಂದು ಗಂಟೆಯೊಳಗೆ 400ರಿಂದ 700 ಜನ ಸತ್ತರು. ಇಂಗ್ಲಿಷರಲ್ಲಿ ಸತ್ತವರು ಇಬ್ಬರು. ಅಲ್ಲಿದ್ದ ಕಪ್ತಾನ ಅಂಡರ್‌ಹಿಲ್ ಬರೆದಿದ್ದಾನೆ, ಜೊತೆಗೆ ಬಂದ ಇಂಡಿಯನ್ನರೇ ಇದು ಸರಿಯಲ್ಲ, ತೀರಾ ಕ್ರೂರ, ಇಷ್ಟೊಂದು ಜನರನ್ನು ಕೊಲ್ಲುತ್ತದೆ ಅಂತ ಕೂಗಿಕೊಂಡರು ಅಂತ. ಯುದ್ಧ ಅವರಿಗೆ ಗೊತ್ತಿತ್ತು. ಇಂಥದ್ದು ಗೊತ್ತಿರಲಿಲ್ಲ.

1638ರ ಹಾರ್ಟ್‌ಫರ್ಡ್ ಒಪ್ಪಂದದಲ್ಲಿ ಗೆದ್ದವರು ಉಳಿದ ಪೀಕ್ವಾಟರನ್ನು ಹಂಚಿಕೊಂಡರು. ಇನ್ನು ಮೇಲೆ ಪೀಕ್ವಾಟ್ ಅಂತ ಹೇಳಿಕೊಳ್ಳಬಾರದು ಅಂತ ಷರತ್ತು ಹಾಕಿದರು. ಕೆಲವು ಸೆರೆಯಾಳುಗಳನ್ನು ಡಿಸೈರ್ ಎಂಬ ಹಡಗಿನಲ್ಲಿ ವೆಸ್ಟ್ ಇಂಡೀಸ್ ಕಡೆ ಕಳಿಸಿದರು. ಅದೇ ಹಡಗು ವಾಪಸ್ ಬರುವಾಗ ಹತ್ತಿ, ತಂಬಾಕಿನ ಜೊತೆ ಆಫ್ರಿಕಾದ ಗುಲಾಮರನ್ನು ತಂದಿತು. ಮೇಸನ್‌ನ ಪ್ರತಿಮೆಯನ್ನು 1889ರಲ್ಲಿ ಈ ದಿಬ್ಬದ ಮೇಲೆಯೇ ನಿಲ್ಲಿಸಿದ್ದರು. ಪೀಕ್ವಾಟರು ದನಿ ಎತ್ತಿದ ಮೇಲೆ 1996ರಲ್ಲಿ ವಿಂಡ್ಸರ್‌ಗೆ ಸಾಗಿಸಿದರು.

ಅಲ್ಲಿಂದ ಸ್ವಲ್ಪ ದೂರ ಮ್ಯಾಶನ್‌ಟಕೆಟ್. ಕಾಡಿನ ದಾರಿಯಲ್ಲಿ ತಿರುವು ತಿರುಗಿದರೆ ಆಕಾಶಕ್ಕೆ ಏರಿದ ಹೋಟೆಲ್‌ಗಳು. ಫಾಕ್ಸ್‌ವುಡ್ಸ್ ಕ್ಯಾಸಿನೊ. ಪೀಕ್ವಾಟರದ್ದೇ. ಹತ್ತಿರದಲ್ಲೇ ಅವರ ಮ್ಯೂಸಿಯಮ್, 1998ರಲ್ಲಿ ತೆರೆದದ್ದು. ಒಳಗೆ ಎಸ್ಕಲೇಟರ್ ಇಳಿಯುತ್ತಾ ಹೋದರೆ ಹಿಮಯುಗ, ಮೈಗೆ ತಣ್ಣನೆ ಗಾಳಿ. ಕೆಳಗೆ ಪೂರ್ತಿ ಗಾತ್ರದ ಪೀಕ್ವಾಟ್ ಹಳ್ಳಿ. ಮೀನು ಒಣಹಾಕುವವಳು, ಬಾಣದ ಮೊನೆ ತಿದ್ದುವವನು, ಓಡಾಡುವ ಮಗು, ಎಲ್ಲ ಗೊಂಬೆಗಳು. ಹೊಗೆಯ ವಾಸನೆ ಕೂಡ ಬಿಟ್ಟಿದ್ದಾರೆ. ಯುದ್ಧದ ಬಗ್ಗೆ ಚಿಕ್ಕ ಚಿತ್ರ ತೋರಿಸುತ್ತಾರೆ. ನೋಡಿ ಬಂದವರು ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹದಿನೇಳನೇ ಶತಮಾನದಲ್ಲಿ ಇವರಿಗೆ ಇಲ್ಲಿ ಬಿಟ್ಟುಕೊಟ್ಟ ಸಾವಿರಾರು ಎಕರೆ 1850ರ ದಶಕದ ಹೊತ್ತಿಗೆ ಇನ್ನೂರು ಚಿಲ್ಲರೆ ಎಕರೆಗೆ ಇಳಿದಿತ್ತು. 1970ರ ಹೊತ್ತಿಗೆ ಆ ನೆಲವನ್ನು ಕಾಯುತ್ತಾ ಉಳಿದಿದ್ದವರಲ್ಲಿ ಎಲಿಜಬೆತ್ ಜಾರ್ಜ್ ಎಂಬ ಮುದುಕಿಯ ಹೆಸರು ಎಲ್ಲರೂ ಹೇಳುತ್ತಾರೆ. ಬಂದೂಕು ತೋರಿಸಿ ಹೊರಗಿನವರನ್ನು ಓಡಿಸುತ್ತಿದ್ದಳಂತೆ. ಆಕೆ 1973ರಲ್ಲಿ ತೀರಿಕೊಂಡಳು. ಮೊಮ್ಮಗ ರಿಚರ್ಡ್ ಹೇವರ್ಡ್ ಚದುರಿದ ಕುಟುಂಬಗಳನ್ನು ವಾಪಸ್ ಕರೆಸಿದ. 1983ರಲ್ಲಿ ಮಾನ್ಯತೆ, 1992ರಲ್ಲಿ ಕ್ಯಾಸಿನೊ. ಜೂಜಿನ ದುಡ್ಡಲ್ಲಿ ಚರಿತ್ರೆಯಾ ಅಂತ ಮೂಗು ಮುರಿಯುವವರಿದ್ದಾರೆ. ಹೆಸರೇ ಹೇಳಬಾರದು ಅಂತ ಕಾಗದದಲ್ಲಿ ಬರೆಸಿಕೊಂಡವರ ಊರಿನಲ್ಲಿ ಆ ಹೆಸರು ನಿಯಾನ್ ದೀಪದಲ್ಲಿ ಉರಿಯುತ್ತಿರುವುದು ನನಗಂತೂ ಖುಷಿ ಕೊಟ್ಟಿತು.

ಗುರುವಾರ, ಕೇಂಬ್ರಿಜ್ ಮತ್ತು ಡಿಯರ್ ಐಲೆಂಡ್

ಹಾರ್ವರ್ಡ್ ಅಂಗಳದ ಮ್ಯಾಥ್ಯೂಸ್ ಹಾಲ್ ಗೋಡೆಯಲ್ಲಿ ಒಂದು ಫಲಕ ಇದೆ. ಸೆಲ್ಫಿ ತೆಗೆಯುವವರೆಲ್ಲ ಜಾನ್ ಹಾರ್ವರ್ಡ್ ಪ್ರತಿಮೆಯ ಬಳಿ, ಇಲ್ಲಿ ಯಾರೂ ಇಲ್ಲ. ಹಾರ್ವರ್ಡ್‌ನ 1650ರ ಸನ್ನದಿನಲ್ಲೇ ಇಂಗ್ಲಿಷ್ ಮತ್ತು ಇಂಡಿಯನ್ ಯುವಕರ ಶಿಕ್ಷಣ ಅಂತ ಬರೆದಿದೆ. ಈ ಜಾಗದಲ್ಲಿ ಇಂಡಿಯನ್ ಕಾಲೇಜ್ ಅಂತ ಇಟ್ಟಿಗೆಯ ಕಟ್ಟಡ ಇತ್ತು. ಓದಿದವರು ಬೆರಳೆಣಿಕೆಯಷ್ಟು. ಕೇಲಬ್ ಚೀಶಾಟೊಮಕ್ 1665ರಲ್ಲಿ ಪದವಿ ಪಡೆದ, ಮರುವರ್ಷವೇ ಕಾಯಿಲೆಯಿಂದ ಸತ್ತ. ಅವನ ಜೊತೆ ಓದಿದ ಜೋಯಲ್ ಯಾಕೂಮ್ಸ್ ಪದವಿಗೆ ಸ್ವಲ್ಪ ಮುಂಚೆ ಕೊಲೆಯಾದ. ಅವನಿಗೆ ಹಾರ್ವರ್ಡ್ ಪದವಿ ಕೊಟ್ಟದ್ದು 2011ರಲ್ಲಿ.

ಮ್ಯಾಶ್‌ಪೀಯಲ್ಲಿ ಹೇಳಿದ ಬೈಬಲ್ ಅಚ್ಚಾದದ್ದೂ ಇಲ್ಲೇ, 1663ರಲ್ಲಿ. ಅಮೆರಿಕದಲ್ಲಿ ಅಚ್ಚಾದ ಮೊದಲ ಪೂರ್ತಿ ಬೈಬಲ್ ಇಂಗ್ಲಿಷಿನದ್ದಲ್ಲ. ಜಾನ್ ಎಲಿಯಟ್ ಅಂತ ಪಾದ್ರಿಯ ಹೆಸರಲ್ಲಿದೆ. ಅಚ್ಚಿನ ಮೊಳೆ ಜೋಡಿಸಿದವರಲ್ಲಿ ಒಬ್ಬ ವೋವಾಸ್ ಎಂಬ ನಿಪ್‌ಮಕ್ ಹುಡುಗ. ಕಸುಬೇ ಹೆಸರಾಗಿ ಜೇಮ್ಸ್ ಪ್ರಿಂಟರ್ ಆದ.

ಎಲಿಯಟ್ ಕ್ರೈಸ್ತ ಇಂಡಿಯನ್ನರಿಗಾಗಿ ಊರು ಕಟ್ಟಿಸಿದ. ಮೊದಲನೆಯದು ನೇಟಿಕ್, 1651. ಅಲ್ಲಿನವರು ಕೂದಲು ಕತ್ತರಿಸಿದರು, ಹೊಸ ದೇವರಿಗೆ ಕೈ ಮುಗಿದರು. ಯುದ್ಧ ಬಂದಾಗ ಇದ್ಯಾವುದೂ ಕೈ ಹಿಡಿಯಲಿಲ್ಲ. 1675ರ ಅಕ್ಟೋಬರ್ 30ರ ರಾತ್ರಿ ಅವರನ್ನು ದೋಣಿಗಳಲ್ಲಿ ತುಂಬಿ ಬಾಸ್ಟನ್ ಬಂದರಿನ ಡಿಯರ್ ಐಲೆಂಡ್‌ಗೆ ಹಾಕಿದರು. ಒಟ್ಟು ಸುಮಾರು 500 ಜನ. ಸೌದೆ ಇಲ್ಲ, ಊಟ ಇಲ್ಲ. ದಡದ ಚಿಪ್ಪು ಹೆಕ್ಕಿ ತಿಂದರು. ಚಳಿಗಾಲ ಮುಗಿಯುವಷ್ಟರಲ್ಲಿ ಅರ್ಧದಷ್ಟು ಜನ ಇರಲಿಲ್ಲ.

ದ್ವೀಪ ಈಗ ದ್ವೀಪವಲ್ಲ, ಮಣ್ಣು ತುಂಬಿ ನೆಲಕ್ಕೆ ಸೇರಿದೆ. ಮೇಲೆ ಇರುವುದು ಬಾಸ್ಟನ್‌ನ ಕೊಳಚೆ ನೀರು ಶುದ್ಧೀಕರಣ ಘಟಕ. ಮೊಟ್ಟೆಯಾಕಾರದ ಹನ್ನೆರಡು ಭಾರಿ ಟ್ಯಾಂಕುಗಳು, ಒಂದೊಂದೂ ನೂರಮೂವತ್ತು ಅಡಿ ಎತ್ತರ. ಸುತ್ತ ನಡೆಯಲು ಕಾಲುದಾರಿ. ತಲೆಯ ಮೇಲೆ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು. ನಾಯಿ ಹಿಡಿದು ನಡೆಯುತ್ತಿದ್ದ ಒಬ್ಬರನ್ನು ಕೇಳಿದೆ, ಅವರಿಗೆ ಕಥೆ ಗೊತ್ತಿತ್ತು. ಪ್ರತಿ ಅಕ್ಟೋಬರ್‌ನಲ್ಲಿ ನಿಪ್‌ಮಕ್ ಜನ ಬಂದು ಸೇರುತ್ತಾರೆ ಅಂದರು. ಅದೇ 1675ರಲ್ಲಿ ಇಂಡಿಯನ್ನರು ಬಾಸ್ಟನ್ ಊರೊಳಗೆ ಬರಬಾರದು ಅಂತ ಕಾನೂನು ಮಾಡಿದ್ದರು. ರದ್ದಾದದ್ದು 2005ರಲ್ಲಿ.

ಶುಕ್ರವಾರ, ಅಕ್ವಿನ್ನಾ

ವುಡ್ಸ್ ಹೋಲ್‌ನಿಂದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪಕ್ಕೆ ಫೆರ್ರಿ, ಮುಕ್ಕಾಲು ಗಂಟೆ. ಕಾರು ಆಚೆಯೇ ಬಿಟ್ಟು ಬಸ್ ಹಿಡಿದೆವು. ದ್ವೀಪದ ಪಶ್ಚಿಮ ತುದಿಯಲ್ಲಿ ಅಕ್ವಿನ್ನಾ. ಕೇಲಬ್, ಜೋಯಲ್ ಇಬ್ಬರೂ ಈ ದ್ವೀಪದವರು. ಕಡಲಿಗೆ ಕಡಿದಾಗಿ ಇಳಿಯುವ ಜೇಡಿಮಣ್ಣಿನ ದಿಬ್ಬ, ಕೆಂಪು, ಹಳದಿ, ಬೂದು, ಬಿಳಿ ಪಟ್ಟೆ ಪಟ್ಟೆ. ಮಾಶಪ್ ಎಂಬ ದೈತ್ಯ ಇಲ್ಲಿ ತಿಮಿಂಗಿಲ ಹಿಡಿದು ಬಂಡೆಗೆ ಅಪ್ಪಳಿಸುತ್ತಿದ್ದ, ಆ ರಕ್ತದಿಂದ ಮಣ್ಣು ಕೆಂಪಾಯಿತು ಅಂತ ವಾಂಪನೋಗ್ ಕಥೆ.

ನನ್ನ ಲೆಕ್ಕವನ್ನು ಸ್ವಲ್ಪ ಕದಡಿದ್ದು ಈ ಜಾಗ. 1675ರಲ್ಲಿ ಇಲ್ಲಿ ಯುದ್ಧವೇ ಆಗಲಿಲ್ಲ. ಇಂಗ್ಲಿಷರಿಗಿಂತ ವಾಂಪನೋಗರು ಎಷ್ಟೋ ಪಟ್ಟು ಜಾಸ್ತಿ ಇದ್ದರು. ಬಂದೂಕು ಕಿತ್ತುಕೊಳ್ಳುವ ಬದಲು, ದ್ವೀಪ ಆಳುತ್ತಿದ್ದ ಇಂಗ್ಲಿಷ್ ಮೇಹ್ಯೂ ಮನೆತನದವರು ಇವರನ್ನೇ ದ್ವೀಪದ ಕಾವಲಿಗೆ ನಂಬಿದರು. ಯಾರ ತಲೆಯೂ ಕಂಬಕ್ಕೆ ಏರಲಿಲ್ಲ. ಆದರೂ ಭೂಮಿ ಹೋಯಿತು. ಸಾಲ, ಪತ್ರ, ಸಹಿ. ಸಾಲ ತೀರಿಸಲು ಗಂಡಸರು ತಿಮಿಂಗಿಲ ಬೇಟೆಯ ಹಡಗು ಹತ್ತಿದರು, ಮಕ್ಕಳು ಜೀತಕ್ಕೆ ಹೋದರು. ತುದಿಯ ಈ ಮೂಲೆ ಮಾತ್ರ ಉಳಿದುಕೊಂಡಿತು. 1987ರಲ್ಲಿ ಮಾನ್ಯತೆ ಬಂತು, ಒಂದಿಷ್ಟು ನೆಲ ಕಾನೂನಿನ ರಕ್ಷಣೆಗೆ ಸೇರಿತು. ಗೇ ಹೆಡ್ ಅಂತಿದ್ದ ಊರಿನ ಹೆಸರನ್ನು 1997ರಲ್ಲಿ ಮತ ಹಾಕಿ ಅಕ್ವಿನ್ನಾ ಮಾಡಿಕೊಂಡರು.

ದಿಬ್ಬದ ಮೇಲೆ ಸಾಲಾಗಿ ಸಣ್ಣ ಅಂಗಡಿಗಳು. ಬಹಳಷ್ಟು ಬುಡಕಟ್ಟಿನ ಮನೆಯವರದ್ದೇ. ಒಂದರಲ್ಲಿ ವಾಂಪಮ್ ಕಿವಿಯೋಲೆ ಕೊಂಡೆ. ಕ್ವಾಹಾಗ್ ಚಿಪ್ಪಿನಿಂದ ಮಾಡಿದ್ದು, ಚಿಪ್ಪಿನ ಅಂಚಿನಲ್ಲಿ ಮಾತ್ರ ಆ ನೇರಳೆ ಬಣ್ಣ ಇರುತ್ತದೆ. ಬೆಲೆ ಜಾಸ್ತಿ ಅನ್ನಿಸಿ ಮುಖ ಮಾಡಿದೆ. ಅಂಗಡಿಯಾಕೆ ಒಂದು ಇಡೀ ಚಿಪ್ಪು ಕೈಗೆ ಕೊಟ್ಟು, ಒಡೆದು ನೋಡಿ ಅಂದರು. ಕಲ್ಲಿನಷ್ಟು ಗಟ್ಟಿ. ಚೌಕಾಸಿ ಬಿಟ್ಟೆ.

ಹೋಗುವವರಿಗೆ ಒಂದೆರಡು ಮಾತು. ದಿಬ್ಬ ಹತ್ತುವಂತಿಲ್ಲ, ಜೇಡಿ ಮೆತ್ತಿಕೊಳ್ಳುವಂತಿಲ್ಲ, ದಂಡ ಹಾಕುತ್ತಾರೆ. ಅಕ್ಟೋಬರ್ ಎರಡನೇ ಮಂಗಳವಾರ ಇಲ್ಲಿ ಕ್ರ್ಯಾನ್‌ಬೆರಿ ದಿನ. ಬುಡಕಟ್ಟಿನವರು ಮಕ್ಕಳು ಮರಿಗಳೊಂದಿಗೆ ಹೊಂಡಗಳಿಗೆ ಹೋಗಿ ಹಣ್ಣು ಬಿಡಿಸುತ್ತಾರೆ, ಅಲ್ಲೇ ಊಟ. ಹೊರಗಿನವರಿಗೆ ಅದರಲ್ಲಿ ಪಾಲಿಲ್ಲ, ಆದರೆ ಹಬ್ಬದ ವಾರ ದ್ವೀಪ ಚೆನ್ನಾಗಿರುತ್ತದಂತೆ. ಕೊಲಂಬಸ್ ದಿನ ಅಂತ ಸರ್ಕಾರಿ ರಜೆ ಇರುವುದು ಅದೇ ತಿಂಗಳ ಎರಡನೇ ಸೋಮವಾರ. ಹೆಚ್ಚಿನ ವರ್ಷ ಇವರ ಹಬ್ಬ ಅದರ ಮಾರನೇ ದಿನವೇ ಬೀಳುತ್ತದೆ. ಆ ರಜೆಯ ಗದ್ದಲದಲ್ಲಿ ಫೆರ್ರಿ ಟಿಕೆಟ್ ಸಿಗುವುದು ಕಷ್ಟ, ಮೊದಲೇ ಬುಕ್ ಮಾಡಿಕೊಳ್ಳಿ.